ಊರಿನ ಪರವಾಗಿ ನೋಡುವವ

ಅಳವಂಡಿ ದಾರಿಯ ಆ ಊರಿನಲ್ಲಿ ಗುರುತಿಲ್ಲದವರನ್ನು ದಿಟ್ಟಿಸಿ ನೋಡುವುದು ತಪ್ಪಲ್ಲ, ನಾಗರಿಕ ಕರ್ತವ್ಯ. ಬಂದವರು ಯಾವ ಊರು, ಯಾರ ಪೈಕಿ ಎಂಬುದು ಇತ್ಯರ್ಥವಾಗುವವರೆಗೆ ಕಣ್ಣು ತೆಗೆಯುವ ಪದ್ಧತಿ ಇಲ್ಲ.

ಕುಷ್ಟಗಿ ಕಡೆಯಿಂದ ನೀರು ಬಿಡುವ ಕೆಲಸಕ್ಕೆ ಬಂದ ಅನುಸೂಯಾಗೆ ಇದು ತಿಳಿದಿರಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯೆದುರು ವಾಲ್ವ್ ತಿರುವಲು ಬಗ್ಗಿದರೆ ಇಡೀ ಕಟ್ಟೆಯೇ ಬೆನ್ನ ಮೇಲೆ ಕೂತಂತಾಗುತ್ತಿತ್ತು. ನಾಚಿಕೆಗೆ ಕೈ ಜಾರುತ್ತಿತ್ತು. ಅರ್ಧ ತಿರುವಿ ಓಡಿಬಿಡುತ್ತಿದ್ದಳು. ಕೆಳಗಿನ ಓಣಿಗೆ ನೀರೇ ಹೋಗಲಿಲ್ಲ.

"ಇನ್ನೊಮ್ಮೆ ಹಿಂಗಾದರ ಬ್ಯಾರೇದವರನ್ನ ತಗೋತೀವಿ ನೋಡವ್ವಾ," ಎಂದರು ಪಂಚಾಯಿತಿ ಅಧ್ಯಕ್ಷೆ ಶರಣಬಸಮ್ಮ.

"ಮಂದಿ ನೋಡೂದು ಬಿಟ್ಟರ ನಾ ಪೂರಾ ತಿರುವತೀನ್ರಿ."

ದೂರನ್ನು ಸ್ಥಳ ಪರಿಶೀಲನೆಗೆ ಒಳಪಡಿಸಲಾಯಿತು. ಸದಸ್ಯರೆಲ್ಲ ಕಟ್ಟೆಯ ಮುಂದೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಅವಳನ್ನು ಮಧ್ಯಾಹ್ನದವರೆಗೆ ಎವೆಯಿಕ್ಕದೆ ನೋಡಿದರು. ನೋಡಲಾಗುತ್ತಿದೆ ಎಂಬುದು ರುಜುವಾತಾಯಿತು. ಮರುದಿನ ಕಸದ ಗಾಡಿಯ ಮೈಕಿನಲ್ಲಿ ಪ್ರಕಟಣೆ ಹೊರಟಿತು:

"ಸಾರ್ವಜನಿಕರ ಗಮನಕ್ಕೆ. ಇನ್ನು ಮುಂದೆ ನೀರು ಬಿಡುವವರನ್ನು ಎಲ್ಲರೂ ಪ್ರತ್ಯೇಕವಾಗಿ ನೋಡತಕ್ಕದ್ದಲ್ಲ. ಎಲ್ಲರ ಪರವಾಗಿ ಯಮನೂರಪ್ಪನವರು ನೋಡತಕ್ಕದ್ದು."

ಯಮನೂರಪ್ಪ ಕಟ್ಟೆಯ ಹಿರಿಯ. ಓಡುವ ಬಸ್ಸಿನ ಕಿಟಕಿಯಲ್ಲಿ ಮೂಗು ಕಂಡರೂ ಮನೆತನ ಹೇಳಬಲ್ಲವ. ಅವನಿಗೊಂದು ಎತ್ತರದ ಸ್ಟೂಲು, ಕೊರಳಿಗೆ ಗುರುತಿನ ಚೀಟಿ ಮಂಜೂರಾದವು. ಕಟ್ಟೆಯವರು ಕಾನೂನು ಮೀರುವ ಪೈಕಿ ಅಲ್ಲ. ಅನುಸೂಯಾಳ ಮೇಲಿನ ಕಣ್ಣು ಕಿತ್ತು ಸ್ಟೂಲಿನ ಮೇಲೆ ನೆಟ್ಟರು. ನೋಡುವವನನ್ನು ನೋಡಬಾರದೆಂದು ಪ್ರಕಟಣೆಯಲ್ಲಿ ಇರಲಿಲ್ಲವಲ್ಲ. ಬಸ್ಸಿನವರೂ ತಲೆ ಹೊರಹಾಕಿದರು.

ಯಮನೂರಪ್ಪ ಇಂಗು ತಿಂದ ಮಂಗನಂತಾದ. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂಬುದೇ ಮರೆತುಹೋಯಿತು. ಪಾಪ, ಜೀವಮಾನವೆಲ್ಲ ನೋಡಿದವನೇ ಹೊರತು ನೋಡಿಸಿಕೊಂಡವನಲ್ಲ.

ಇತ್ತ ಅನುಸೂಯಾಳ ಬೆನ್ನು ಹಗುರಾಗಿತ್ತು. ವಾಲ್ವ್ ಪೂರಾ ತಿರುಗಿತು. ಕೆಳಗಿನ ಓಣಿಯಲ್ಲಿ ಕೊಡಗಳ ಸದ್ದೆದ್ದಿತು. ಕೆಲಸ ಉಳಿಯಿತೆಂಬ ಖುಷಿಗೆ ಅವಳ ಕಣ್ಣು ತುಂಬಿ ಬಂತು.

"ತಂಗೀ, ಆ ಮಂದಿಗೆ ಅತ್ತಾಗ ನೋಡ್ರಿ ಅನ್ನವ್ವಾ," ಯಮನೂರಪ್ಪ ಸ್ಟೂಲಿನ ಮೇಲಿಂದ ಪಿಸುಗುಟ್ಟಿದ. "ಮೈಯೆಲ್ಲಾ ಮುಳ್ಳು ಚುಚ್ಚಿದಂಗ ಆಗಾಕತ್ತೈತಿ."

"ಖರೆ ಐತ್ರಿ ಕಾಕಾ, ಹಂಗ ಆಗತೈತಿ," ಎಂದು ಅನುಸೂಯಾ ಮನಸಾರೆ ಮರುಗಿದಳು. ಕೈ ಒರೆಸಿಕೊಂಡು ಕಟ್ಟೆಗೆ ಬಂದಳು. ಅಲ್ಲಿ ಕೂತು ನೋಡುತ್ತಿದ್ದ ಪಾರಮ್ಮ ಸರಿದು ಜಾಗ ಕೊಟ್ಟಳು.

"ಇನ್ನೀಟು ಸರೀರಿ ಯಕ್ಕಾ," ಎಂದಳು ಅನುಸೂಯಾ. "ಇಲ್ಲಿಂದ ಕಾಕಾರ ಮಾರಿ ಛಲೋ ಕಾಣವಲ್ದು."