ಆರಿಸಬಾರದ ಇಂಜಿನ್

ವ್ಯಾನಿನ ಬ್ಯಾಟರಿಗೆ ವಯಸ್ಸಾಗಿತ್ತು. ಎಷ್ಟು ಚಾರ್ಜ್ ಮಾಡಿದರೂ ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ನಾಲ್ಕು ಜನರಿಂದ ತಳ್ಳಿಸಿ ಸ್ಟಾರ್ಟ್ ಮಾಡಿಕೊಟ್ಟ ಮೆಕ್ಯಾನಿಕ್, "ತಪಾಸಣೆ ಮುಗಿಯೋವರೆಗೂ ಆಫ್ ಮಾಡ್ಬೇಡ. ಮಾಡಿದ್ಯೋ, ಕೆಟ್ಟೆ" ಎಂದಿದ್ದ.

ಫಿಟ್‌ನೆಸ್ ಸರ್ಟಿಫಿಕೇಟಿಗೆ ಅಂದೇ ಕೊನೆಯ ದಿನ. ಸಿಕ್ಕರೆ ನಾಳೆಯಿಂದ ಡ್ರೈವರನಿಗೆ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಕೆಲಸ. ಸಿಗದಿದ್ದರೆ ಅದು ಇನ್ನೊಬ್ಬನ ಪಾಲು. ಹೊಸ ಬ್ಯಾಟರಿಯೂ ಆ ಕೆಲಸದ ಹೊಟ್ಟೆಯಿಂದಲೇ ಹುಟ್ಟಬೇಕಿತ್ತು.

ಅರ್ಧ ದಾರಿಯಲ್ಲಿ ನೆನಪಾಯಿತು, ಕಾಗದಪತ್ರ ಮನೆಯಲ್ಲೇ ಉಳಿದಿದೆ. ಹಿಂದಿರುಗಿ, ವ್ಯಾನನ್ನು ಮನೆಯ ಗಲ್ಲಿಯಲ್ಲಿ ಗುರುಗುಟ್ಟಲು ಬಿಟ್ಟು ಒಳಗೆ ಓಡಿದ. ಹೆಂಡತಿ ಬೀರು ಕೆದಕಿದಳು, ಇವನು ಹಾಸಿಗೆ. ಒಳಕೋಣೆಯಿಂದ ತಾಯಿ ಕೆಮ್ಮುತ್ತ ಕೂಗಿದಳು.

"ಯಾವನೋ ಅವನು, ನನ್ನ ಕಿಟಕಿ ಕೆಳಗೆ ಹೊಗೆ ಬಿಡೋನು? ಅವನ ಮನೇಲಿ ಮುದುಕರಿಲ್ವಾ?"

"ಇದ್ದಾರಮ್ಮ" ಎಂದು ಇವನು ಕಿಟಕಿ ಮುಚ್ಚಿದ.

ಕಾಗದ ಹಿಡಿದು ಹೊರಗೆ ಬಂದರೆ ಬೀದಿಯೇ ನೆರೆದಿತ್ತು. ಟೈಲರ್ ಒಂದು ಬಿಳಿ ಅಂಗಿ ಎತ್ತಿ ತೋರಿಸಿದ. ಅದರ ಬೆನ್ನು ಬಾಣಲೆಯ ತಳದಂತಿತ್ತು. "ಹೊಲಿಯೋಕೆ ಎರಡು ದಿನ, ನಿನ್ನ ಗಾಡಿಗೆ ಎರಡು ನಿಮಿಷ!"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವ್ಯಾನಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. "ನಿಂತ ಗಾಡಿ ಉಸಿರಾಡಬಾರ್ದು ಕಣಯ್ಯಾ. ನಾನೇ ಆರಿಸಿದೆ. ಉಪಕಾರ ಆಯ್ತು ಅಂತೆಲ್ಲ ಹೇಳ್ಬೇಡ."

"ಅಯ್ಯೋ ಮೇಷ್ಟ್ರೇ, ಈಗ ಅದನ್ನ ಎಬ್ಬಿಸೋರ್ಯಾರು?"

ಎಲ್ಲರೂ ತಳ್ಳಿದರು, ತಳ್ಳಿದ್ದಕ್ಕಿಂತ ಬುದ್ಧಿ ಹೇಳಿದ್ದೇ ಹೆಚ್ಚು. ಮೂಲೆಯಲ್ಲಿ ವ್ಯಾನ್ ಗಕ್ಕೆಂದು ಎದ್ದು, ಮೇಷ್ಟ್ರ ಮುಖಕ್ಕೆ ಒಂದು ಬುಟ್ಟಿ ಮಸಿ ಎರಚಿ ಓಡಿತು.

ತಪಾಸಣೆಯ ಅಂಗಳದಲ್ಲಿ ಉದ್ದನೆಯ ಸಾಲು. ನಿಂತ ಗಾಡಿಗಳೆಲ್ಲ ಗುರುಗುಟ್ಟುತ್ತಲೇ ಇದ್ದವು. ಮೂರು ಗಂಟೆ ಹೊಗೆ ಕುಡಿದ ಮೇಲೆ ಇವನ ಸರದಿ ಬಂತು. ಇನ್‌ಸ್ಪೆಕ್ಟರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬಂದರು.

"ಆಫ್ ಮಾಡ್ರಿ."

"ಸಾರ್, ಹಾಗೇ ನೋಡ್ಬಿಡಿ ಸಾರ್..."

"ಹತ್ತು ವರ್ಷದಿಂದ ನಿಮ್ಮ ಹೊಗೆ ಕುಡಿದಿದ್ದಕ್ಕೆ ಡಾಕ್ಟರ್ ನನ್ನನ್ನೇ ಅನ್‌ಫಿಟ್ ಅಂದಿದಾರೆ. ಬ್ರೇಕೂ ನೋಡಲ್ಲ, ದೀಪಾನೂ ನೋಡಲ್ಲ. ಆರ್ಸು, ಈಗ್ಲೇ ಸೀಲ್ ಹಾಕ್ತೀನಿ."

ಇವನು ಆರಿಸಿದ. ಬಾನೆಟ್ಟಿನ ಮೇಲೆ ಕಾಗದವಿಟ್ಟು ಇನ್‌ಸ್ಪೆಕ್ಟರ್ ಠಪ್ಪನೆ ಸೀಲ್ ಒತ್ತಿದರು. ಇವನು ಕಾಗದವನ್ನು ಕಣ್ಣಿಗೊತ್ತಿಕೊಂಡ.

"ಸರಿ, ಗಾಡಿ ತೆಗಿ."

ಕೀಲಿ ತಿರುಗಿಸಿದ. ಟಿಕ್. ಮತ್ತೆ ಟಿಕ್. ಹಿಂದಿದ್ದವರು ತಳ್ಳಲು ಬಂದರು.

"ಕೈ ತೆಗೀರಿ!" ಇನ್‌ಸ್ಪೆಕ್ಟರ್ ಕಾಗದ ಕಿತ್ತುಕೊಂಡು ಎರಡಾಗಿ ಹರಿದರು. "ನಾನು ಮಾಡೋ ಪರೀಕ್ಷೆ ಇದೊಂದೇ. ನಡುರಸ್ತೇಲಿ ಇದು ನಿಂತ್ರೆ ಮಕ್ಕಳು ಇಳಿದು ತಳ್ಬೇಕಾ? ಗೋಡೆ ಪಕ್ಕಕ್ಕೆ ಹಾಕು."

ಗೋಡೆಯ ಪಕ್ಕ ಆಗಲೇ ಆರು ವ್ಯಾನುಗಳು ಉಸಿರಿಲ್ಲದೆ ನಿಂತಿದ್ದವು. ನೆರಳಲ್ಲಿ ಆರು ಡ್ರೈವರುಗಳು ಕೂತಿದ್ದರು.

"ಬಾರಣ್ಣ, ಕೂತ್ಕೋ" ಎಂದ ಒಬ್ಬ. "ನಿನಗೂ ಸೀಲ್ ಹಾಕಿದ ಮೇಲೇ ಹರಿದ್ರಾ?"

ಇವನು ಬಾಯಿ ತೆರೆಯುವಷ್ಟರಲ್ಲಿ ಅಂಗಳದ ಆಚೆಯಿಂದ ಕೂಗು ಕೇಳಿಸಿತು: "ಆಫ್ ಮಾಡ್ರಿ!"

ಏಳೂ ಜನ ಸ್ವಲ್ಪ ಸ್ವಲ್ಪ ಸರಿದು ಇನ್ನೊಬ್ಬನಿಗೆ ಜಾಗ ಮಾಡಿದರು.