ನೆಂಟರಿಗೆ ಉಪ್ಸಾಲಾ ತೋರಿಸಿದ್ದು

ಸ್ವೀಡನ್ನಿನ ಸೋಲ್ನಾದಲ್ಲಿರುವ ನಮ್ಮ ಮನೆಗೆ ನೆಂಟರು ಬಂದರೆ ಸಾಕು, ನನ್ನ ಗಂಡನಿಗೆ ಎಲ್ಲಿಂದಲೋ ಒಂದು ಮೀಟಿಂಗ್ ಹುಟ್ಟಿಕೊಳ್ಳುತ್ತದೆ. ಅವರನ್ನು ರೈಲು ಹತ್ತಿಸಿ, ಉಪ್ಸಾಲಾದ ಹಳೇ ವಿಶ್ವವಿದ್ಯಾಲಯದ ಬೀದಿಗಳಲ್ಲಿ ಸುತ್ತಿಸುವ ಕೆಲಸ ನನ್ನದು. ಆ ಬೀದಿಗಳಿಗೆ ಶತಮಾನಗಳ ವಯಸ್ಸು. ಹೋಗಿಬಂದ ಸಂಜೆ ನನಗೂ ಅಷ್ಟೇ ವಯಸ್ಸಾಗಿರುತ್ತದೆ.

ಗೇಟಿಲ್ಲದ ಕಾಲೇಜು

ಗಂಡನ ಚಿಕ್ಕಪ್ಪ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ನಡೆಸುತ್ತಾರೆ. ಬಂದವರೇ ಕೇಳಿದರು, "ಗೇಟ್ ಎಲ್ಲಿದೆಯಮ್ಮ?"

"ಗೇಟಿಲ್ಲ ಚಿಕ್ಕಪ್ಪ. ಊರ ತುಂಬಾ ಕಾಲೇಜೇ."

"ಸೆಕ್ಯುರಿಟಿ?"

"ಇಲ್ಲ."

"ಫೀಸು?"

"ಈ ದೇಶದವರಿಗೆ ಅದೂ ಇಲ್ಲ."

ಚಿಕ್ಕಪ್ಪ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಕಟ್ಟಡವನ್ನೇ ದಿಟ್ಟಿಸಿ, ನಿಜವಾದ ಕಳವಳದಿಂದ ಕೇಳಿದರು: "ಮತ್ತೆ ಇದನ್ನ ಯಾಕಮ್ಮ ನಡೆಸ್ತಾರೆ?"

ಹೆಣ ಕೊಯ್ಯುವ ಕೋಣೆ

ಅಲ್ಲೊಂದು ಹಳೇ ಕಟ್ಟಡದಲ್ಲಿ ನಡುವೆ ಮೇಜು, ಸುತ್ತ ಬಾವಿಯ ಗೋಡೆಯ ಹಾಗೆ ಮೇಲೇರಿದ, ಜನ ನಿಂತು ನೋಡುವ ಮರದ ಅಟ್ಟಣೆ. ನನ್ನ ಅಕ್ಕನ ಗಂಡ ಸಾಫ್ಟ್‌ವೇರ್ ಕಂಪನಿಯವರು. ಅವರಿಗೆ ವಿವರಿಸಿದೆ: "ಭಾವ, ಹಿಂದೆ ಡಾಕ್ಟರಿಕೆ ಕಲಿಸೋಕೆ ಈ ಮೇಜಿನ ಮೇಲೆ ಹೆಣ ಕೊಯ್ತಿದ್ರು. ಜನ ಟಿಕೆಟ್ ತಗೊಂಡು ನೋಡ್ತಿದ್ರಂತೆ."

ಭಾವ ತಲೆಯಾಡಿಸಿದರು. "ನಮ್ಮ ರಿವ್ಯೂ ಮೀಟಿಂಗೂ ಹೀಗೇನೇ. ನಮ್ಮಲ್ಲಿ ಹೆಣಾನೇ ಎದ್ದು ಸ್ಲೈಡ್ ತೋರಿಸಬೇಕು, ಅಷ್ಟೇ ವ್ಯತ್ಯಾಸ."

ಹಾವಿನ ಕಲ್ಲು

ಅತ್ತೆ ಬಂದದ್ದು ಸ್ವೀಡನ್ ನೋಡಲಿಕ್ಕಲ್ಲ, ಮೊಮ್ಮಗು ಯಾವಾಗ ಎಂದು ಕೇಳಲಿಕ್ಕೆ. ರೈಲಿನುದ್ದಕ್ಕೂ ಅದೇ ಮಾತು. ನಾನು ಕಿಟಕಿಯಾಚೆಯ ಕಂಬಗಳನ್ನು ಎಣಿಸುತ್ತ ಬಂದೆ.

ವಿಶ್ವವಿದ್ಯಾಲಯದ ತೋಟದಲ್ಲಿ ಸಾವಿರ ವರ್ಷದ ಹಳೇ ಕಲ್ಲುಗಳಿವೆ. ಒಂದರ ಮೇಲೆ ಸುತ್ತಿಕೊಂಡ ಹಾವಿನ ಕೆತ್ತನೆ. ಅತ್ತೆ ಗಕ್ಕನೆ ನಿಂತರು. "ನಾಗರಕಲ್ಲು ಕಣೇ!"

"ಅಲ್ಲ ಅತ್ತೆ, ಸತ್ತವರ ನೆನಪಿಗೆ ನಿಲ್ಲಿಸಿರೋದು."

"ನಿನಗೇನು ಗೊತ್ತು? ಶೂ ಬಿಚ್ಚು!"

ಆ ಚಳಿಯಲ್ಲಿ ಶೂ ಬಿಚ್ಚಿ ಅತ್ತೆ ಕಣ್ಮುಚ್ಚಿ ಕೈಮುಗಿದರು. ಹಿಂದೆ ನಾನೂ ಕೈಮುಗಿದು ನಿಂತೆ, ನೆಲ ಬಾಯಿಬಿಡಬಾರದೇ ಎಂದುಕೊಳ್ಳುತ್ತ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಸದ್ದಾಯಿತು. ತಿರುಗಿದರೆ ಒಬ್ಬ ಎತ್ತರದ ವಿದ್ಯಾರ್ಥಿ, ಅವನ ಹಿಂದೆ ಇಬ್ಬರು ಹುಡುಗಿಯರು, ಅವರ ಹಿಂದೆ ಕನ್ನಡಕದ ಹಿರಿಯರೊಬ್ಬರು. ಈ ದೇಶದ ಜನ ಅಪರಿಚಿತರನ್ನು ಮಾತಾಡಿಸುವುದಿಲ್ಲ, ಆದರೆ ಕ್ಯೂ ಕಂಡರೆ ಬಿಡುವುದಿಲ್ಲ.

ಕೊನೆಗೆ ತಡೆಯಲಾರದೆ ಹುಡುಗ ಇಂಗ್ಲಿಷಿನಲ್ಲಿ ಕೇಳಿದ, "ಈ ಕ್ಯೂ ಯಾತಕ್ಕೆ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮಗೆ ಬರುವ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು: "ಬೇಬಿ! ನೆಕ್ಸ್ಟ್ ಇಯರ್, ಶೂರ್ ಬೇಬಿ!"

ಸ್ವೀಡನ್ನಿನಲ್ಲಿ ಕ್ಯೂ ಒಂದು ದಿಕ್ಕಾಪಾಲಾಗಿ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.