ಖಡಕ್ ಸಿಗಾರಿಗೆ ಬಡ್ತಿ

ದುಶ್ಚಟಗಳನ್ನು ಎಳೆಯ ವಯಸ್ಸಿನಲ್ಲೇ ಕಲಿತುಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಪ್ಪತ್ತರಲ್ಲಿ ಕಲಿತವನು ಕೆಮ್ಮಿದರೂ, ಎಡವಿದರೂ ಜನ ಹುಡುಗಾಟವೆಂದು ಕ್ಷಮಿಸುತ್ತಾರೆ. ಅದನ್ನು ಬಿಡಲು ಅವನಿಗೆ ಮುಂದೆ ಇಡೀ ಜೀವಮಾನವಿರುತ್ತದೆ. ನಲವತ್ತೇಳರಲ್ಲಿ, ಓದುವ ಕನ್ನಡಕ ಬಂದಮೇಲೆ ಚಟ ಕಲಿಯಲು ಹೊರಟವನಿಗೆ ಕ್ಷಮೆಯೂ ಇಲ್ಲ, ಜೊತೆಗಾರರೂ ಇಲ್ಲ. ಸಮವಯಸ್ಕರೆಲ್ಲ ಅಷ್ಟು ಹೊತ್ತಿಗೆ ಕಲಿತು, ಕೆಮ್ಮಿ, ಬಿಟ್ಟು, ಬಿಟ್ಟದ್ದರ ಬಗ್ಗೆ ಉಪನ್ಯಾಸ ಕೊಡುವ ಹಂತಕ್ಕೆ ಬಂದಿರುತ್ತಾರೆ. ನಾನು ಸಿಗಾರ್ ಕಲಿತದ್ದು ಆ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಒಂದು ಬೀಡಿಯನ್ನೂ ಸೇದಿದವನಲ್ಲ. ಬಸವನಗುಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದುದರಿಂದ ನಿಕೋಟಿನ್ನಿನ ರಚನೆಯನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲವನಾಗಿದ್ದೆ. ಇಂಥ ವಿದ್ಯೆ ಆಪತ್ಕಾಲದಲ್ಲಿ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಲಿಸಿದವನು ನನ್ನ ಹಾಸ್ಟೆಲ್ ಕಾಲದ ಗೆಳೆಯ ಪುಟ್ಟರಾಜು. ಗಾಂಧಿನಗರದಲ್ಲಿ ಅವನದೊಂದು ಸಿನಿಮಾ ಹಂಚಿಕೆಯ ಆಫೀಸು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ಅವನು ಹಂಚಿದ ಚಿತ್ರಗಳ ಪೈಕಿ ಒಂದೇ ಒಂದು ನೂರು ದಿನ ಓಡಿತು. ಓಡಿದ್ದಕ್ಕೆ ಅವನು ಬಂದವರಿಗೆಲ್ಲ ಪೇಡೆಯ ಜೊತೆ ಸಿಗಾರ್ ಹಂಚಿದ. ನಾನು ಪೇಡೆ ತೆಗೆದುಕೊಂಡು ಸಿಗಾರನ್ನು ನಯವಾಗಿ ತಳ್ಳಿದಾಗ, "ಇದು ಸೇದೋದಲ್ಲ ಗುರು, ಹೊಗೇನ ಬಾಯಲ್ಲಿ ಇಟ್ಕೊಂಡು ಬಿಡೋದು. ಒಳಗೆ ಎಳ್ಕೊಂಡ್ರೆ ಕೂಲಿಯೋನು, ಬಾಯಲ್ಲೇ ಬಿಟ್ರೆ ಸಾಹುಕಾರ," ಎಂದ. ಮೇಷ್ಟ್ರ ಸಂಬಳದವನಿಗೆ ಸಾಹುಕಾರನಾಗಲು ಇಷ್ಟು ಸುಲಭದ ದಾರಿಯನ್ನು ಅದುವರೆಗೆ ಯಾರೂ ತೋರಿಸಿರಲಿಲ್ಲ. ಅಲ್ಲಿಂದ ವಾರಕ್ಕೊಂದರಂತೆ, ಭಾನುವಾರ ಮಧ್ಯಾಹ್ನ, ಚಾಮರಾಜಪೇಟೆಯ ನಮ್ಮ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಕುಳಿತು ಸಾಹುಕಾರನಾಗತೊಡಗಿದೆ.

ಟ್ಯಾಂಕಿನ ಹಿಂದೆ ಏಕೆಂದರೆ, ಮನೆಯಲ್ಲಿ ಅವ್ವ ಇದ್ದಳು. ಆಗ ಅವಳಿಗೆ ಎಪ್ಪತ್ತೈದು. ನಮ್ಮ ಕಡೆ ಗಂಡಸು ಮೊಮ್ಮಕ್ಕಳನ್ನು ಕಂಡಿದ್ದರೂ ಹಿರಿಯರ ಎದುರು ಹೊಗೆ ಬಿಡುವುದಿಲ್ಲ. ನಮ್ಮ ದೊಡ್ಡಪ್ಪ ಅರವತ್ತನೆಯ ವಯಸ್ಸಿನಲ್ಲಿ, ತಮ್ಮ ಚಿಕ್ಕಮ್ಮ ಬರುತ್ತಿರುವುದನ್ನು ಕಂಡು ಉರಿಯುತ್ತಿದ್ದ ಬೀಡಿಯನ್ನು ಜುಬ್ಬಾದ ಜೇಬಿಗೆ ಇಳಿಬಿಟ್ಟು, ಅದು ಜುಬ್ಬಾ ದಾಟಿ ಬನಿಯನ್ನು ಮುಟ್ಟುವವರೆಗೂ ಮಳೆ ಬೆಳೆಯ ವಿಚಾರ ಮಾತಾಡಿದ್ದನ್ನು ನಾನೇ ನೋಡಿದ್ದೇನೆ. ನನಗೆ ಆರೋಗ್ಯದ ಹೆದರಿಕೆ ಇರಲಿಲ್ಲ, ಖರ್ಚಿನದೂ ಇರಲಿಲ್ಲ. ಅವ್ವನಿಗೆ ಗೊತ್ತಾಗಬಾರದು, ಅಷ್ಟೆ. ಅಪ್ಪ ತೀರಿಕೊಂಡಮೇಲೆ ನನ್ನನ್ನು ಓದಿಸಿ ಮೇಷ್ಟ್ರು ಮಾಡಿದವಳು ಅವಳು. ಬೀದಿಯವರ ಮುಂದೆ "ನಮ್ಮ ಮಗ ಒಂದು ಅಡಿಕೆ ಹೋಳನ್ನೂ ಬಾಯಿಗಾಕದವನು" ಎಂದು ಹೇಳಿಕೊಳ್ಳುವವಳು. ಆ ಮಾತು ಸುಳ್ಳಾಗದಂತೆ ನಾನು ಅಡಿಕೆಯನ್ನು ಮಾತ್ರ ಇಂದಿಗೂ ಮುಟ್ಟಿಲ್ಲ.

ನನ್ನ ಹೆಂಡತಿ ಶಾರದೆಗೆ ಗೊತ್ತಿತ್ತು. "ನಿಮ್ಮವ್ವಂಗೆ ಗೊತ್ತಾದ್ರೆ ನಾನು ಜವಾಬ್ದಾರಿ ಅಲ್ಲಾರೀ," ಎಂಬ ಒಂದೇ ಷರತ್ತಿನ ಮೇಲೆ ಸುಮ್ಮನಿದ್ದಳು. ಅವ್ವ ಭಾನುವಾರ ಮುದ್ದೆ ಉಂಡು ಎರಡು ಗಂಟೆಗೆ ಮಲಗಿದರೆ ಮೂರಕ್ಕೆ ಏಳುತ್ತಿದ್ದಳು. ಮಂಡಿನೋವಿನಿಂದ ಎರಡು ವರ್ಷದಿಂದ ತಾರಸಿ ಹತ್ತಿರಲಿಲ್ಲ. ನಾನು ಸೇದುತ್ತಿದ್ದ ಸಾಧು ಸಿಗಾರು ನಲವತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಉಳಿದ ಇಪ್ಪತ್ತು ನಿಮಿಷದಲ್ಲಿ ಬಾಯಿ ತೊಳೆದು, ಏಲಕ್ಕಿ ಜಗಿದು, ಅಂಗಿ ಬದಲಾಯಿಸಿ, ಪತ್ರಿಕೆ ಹಿಡಿದು ಕುಳಿತುಬಿಡುತ್ತಿದ್ದೆ. ಪ್ರಯೋಗಶಾಲೆಯಲ್ಲೂ ನಾನು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದವನಲ್ಲ.

ಹೀಗೆ ಒಂದು ವರ್ಷ ಸುಖವಾಗಿ ಕಳೆಯಿತು. ಕೆಡಿಸಿದವನೂ ಪುಟ್ಟರಾಜುವೇ. ಒಂದು ಸಂಜೆ ಅವನ ಆಫೀಸಿನಲ್ಲಿ ಕುಳಿತಿದ್ದಾಗ ನನ್ನ ಜೇಬಿನಿಂದ ಇಣುಕುತ್ತಿದ್ದುದನ್ನು ಎಳೆದು ನೋಡಿ, "ಇನ್ನೂ ಹಾಲುಅನ್ನದಲ್ಲೇ ಇದೀಯಲ್ಲೋ. ವರ್ಷ ಆಯ್ತು, ಮುದ್ದೆಗೆ ಬಾರೋ ಮೇಷ್ಟ್ರೇ," ಎಂದ. ಅಲ್ಲಿದ್ದ ಇಬ್ಬರು ನಿರ್ಮಾಪಕರು ನಕ್ಕರು. ಇಪ್ಪತ್ತೈದು ವರ್ಷ ಮಕ್ಕಳನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ತೇರ್ಗಡೆ ಮಾಡಿದ ನನಗೆ, ನಾನೇ ಒಂದೇ ತರಗತಿಯಲ್ಲಿ ಕುಳಿತಿದ್ದೇನೆಂಬುದು ಹೊಳೆದದ್ದು ಆಗ. ಅವನು ಒಂದು ಸಚಿತ್ರ ಪುಸ್ತಿಕೆಯನ್ನೂ ಕೊಟ್ಟ. ಖಡಕ್ ಸಿಗಾರಿನಲ್ಲಿ ಕಾಫಿ, ಕರಿಮೆಣಸು, ಒದ್ದೆ ಮಣ್ಣು ಮತ್ತು ಹಳೆಯ ಚರ್ಮದ ರುಚಿಗಳು ಒಂದಾದ ಮೇಲೊಂದು ಬರುತ್ತವೆ ಎಂದು ಅದರಲ್ಲಿ ಬರೆದಿತ್ತು. ಮೊದಲ ಎರಡು ನಮ್ಮ ಅಡುಗೆಮನೆಯಲ್ಲೇ ಸಿಗುತ್ತಿದ್ದವು. ಕೊನೆಯ ಎರಡನ್ನು ರುಚಿ ನೋಡಿದವರು ಯಾರು, ಯಾವ ಸಂದರ್ಭದಲ್ಲಿ ನೋಡಿದರು ಎಂಬುದನ್ನು ಪುಸ್ತಿಕೆ ತಿಳಿಸಿರಲಿಲ್ಲ.

ಸಿಗಾರು ಸಿಗುತ್ತಿದ್ದುದು ಮಾಮೂಲ್‌ಪೇಟೆಯ ಗಲ್ಲಿಯ ಒಂದು ಹೊಗೆಸೊಪ್ಪಿನ ಸಗಟು ಅಂಗಡಿಯಲ್ಲಿ. ಮುಂದೆ ನಶ್ಯ, ಕಡ್ಡಿಪುಡಿ. ಒಳಕೋಣೆಯಲ್ಲಿ ಮಾತ್ರ ಒಂದು ಗಾಜಿನ ಬೀರು, ಅದರ ತಳದಲ್ಲಿ ಸಿಗಾರು ಒಣಗದಿರಲೆಂದು ನೀರಿನ ಮಣ್ಣುಬಟ್ಟಲು. ಗಾಂಧಿನಗರದ ಗಿರಾಕಿಗಳಿಗಾಗಿ ಇದ್ದ ಈ ಏರ್ಪಾಡಿನ ಯಜಮಾನರು ಬಿಳಿ ಗಡ್ಡದ ಒಬ್ಬ ಸಾಹೇಬರು. ನಾನು ಗಂಭೀರವಾಗಿ, ಖಡಕ್ ಆದದ್ದು ಬೇಕು ಎಂದೆ.

"ಎಷ್ಟು ವರ್ಷದಿಂದ ಸೇದ್ತೀರಾ ಸಾರ್?"

"ಒಂದು ವರ್ಷ."

"ದಿನಾನಾ?"

"ಭಾನುವಾರ."

"ಹಂಗಂದ್ರೆ ನಿಮಗಿನ್ನೂ ನಾಮಕರಣ ಆಗಿಲ್ಲ ಸಾರ್," ಎಂದರು, ಅತ್ಯಂತ ಮರ್ಯಾದೆಯಿಂದ.

ಅನುಭವಸ್ಥನಂತೆ ಕಾಣಲು ನಾನು ಬೀರುವಿನಲ್ಲಿದ್ದ ಅತ್ಯಂತ ಕಪ್ಪಾದ ಸಿಗಾರನ್ನು ತೋರಿಸಿದೆ. ಸಾಹೇಬರು ತಲೆಯಾಡಿಸಿದರು. "ಬಣ್ಣ ನೋಡಿ ಮೋಸ ಹೋಗಬೇಡಿ. ಅದು ನೋಡಕ್ಕೆ ಕರಿ, ಒಳಗೆ ಸಿಹಿ. ಈ ತೆಳು ಕಂದು ಇದೆಯಲ್ಲ, ಇದು ಮಫ್ತೀಲಿರೋ ಪೊಲೀಸ್. ಮೇಲಿನ ಹೊದಿಕೆ ಬರೀ ಅಂಗಿ ಸಾರ್, ಖಡಕ್ ಇರೋದು ಒಳಗಿನ ಎಲೇಲಿ." ಆಮೇಲೆ ನಿಯಮಗಳನ್ನು ಹೇಳಿದರು: ಹೊಟ್ಟೆ ತುಂಬಾ ಊಟ ಮಾಡಿಯೇ ಹಚ್ಚಬೇಕು, ನಿಮಿಷಕ್ಕೊಮ್ಮೆ ಮಾತ್ರ ಎಳೆಯಬೇಕು, ತಲೆ ತಿರುಗಿದರೆ ಮರ್ಯಾದೆ ನೋಡದೆ ಕೆಳಗಿಡಬೇಕು. ನಾನು ವಿದ್ಯಾರ್ಥಿಯಂತೆ ಕೇಳಿಸಿಕೊಂಡು ನನ್ನ ಒಂದೇ ಪ್ರಶ್ನೆಯನ್ನು ಕೇಳಿದೆ.

"ಎಷ್ಟು ಹೊತ್ತು ಉರಿಯತ್ತೆ?"

"ಒಂದೂಕಾಲು ಗಂಟೆ. ಆರಾಮಾಗಿ."

"ಅಷ್ಟಾಗಲ್ಲ. ಮುಕ್ಕಾಲು ಗಂಟೇಲಿ ಮುಗಿಯೋದು ಕೊಡಿ."

"ಯಾಕ್ ಸಾರ್, ಅವಸರ?"

"ನಮ್ಮವ್ವ ಎದ್ದುಬಿಡ್ತಾರೆ."

ಸಾಹೇಬರು ನಗಲಿಲ್ಲ. ನನ್ನನ್ನು ಮೊದಲ ಬಾರಿಗೆ ಗೌರವದಿಂದ ನೋಡಿ, "ನಮ್ಮಬ್ಬಾ ಇರೋವರೆಗೂ ನಾನು ಅಂಗಡಿ ಹಿಂದಗಡೆ ಹೋಗಿ ಸೇದ್ತಿದ್ದೆ. ಅಂಗಡಿ ಅವರದ್ದೇ. ಮಾರ್ತಿದ್ದುದೂ ಅದನ್ನೇ," ಎಂದರು. ಬೀರುವಿನ ಮೂಲೆಯಿಂದ ಹೆಬ್ಬೆರಳಿನಷ್ಟು ಗಿಡ್ಡಗೆ, ದಪ್ಪಗೆ ಇದ್ದ ಐದು ಸಿಗಾರುಗಳನ್ನು ತೆಗೆದು ಕಟ್ಟಿಕೊಟ್ಟರು. ಪ್ರಪಂಚದಲ್ಲಿ ಸಿಗಾರನ್ನು ರುಚಿ ನೋಡಿ ಆರಿಸುವವರಿದ್ದಾರೆ, ದೇಶ ನೋಡಿ ಆರಿಸುವವರಿದ್ದಾರೆ. ತಾಯಿಯ ನಿದ್ದೆಯ ಅಳತೆಗೆ ಆರಿಸಿದವನು ನಾನೊಬ್ಬನೇ ಇರಬೇಕು.

ಆ ಭಾನುವಾರ ಸಂಕಷ್ಟಿ ಬಂತು. ಅಪ್ಪನ ಕಾಯಿಲೆಯ ಕಾಲದಲ್ಲಿ ಅವ್ವ ಹೊತ್ತ ಹರಕೆ ಅದು. ಅಪ್ಪ ಹೋದರೂ ವ್ರತ ಉಳಿದಿತ್ತು. ಚಂದ್ರ ಕಾಣುವವರೆಗೆ ಮನೆಯಲ್ಲಿ ಒಲೆ ಹತ್ತುವುದು ಕಾಫಿಗೆ ಮಾತ್ರ. ನಾನೂ ಉಪವಾಸ ಮಾಡುತ್ತಿದ್ದೆ. ಭಕ್ತಿಯಿಂದಲ್ಲ, ಒಬ್ಬನೇ ಊಟ ಕೇಳುವ ಧೈರ್ಯವಿಲ್ಲದೆ. ಎರಡು ಗಂಟೆಯಾದ ಕೂಡಲೇ ಅಭ್ಯಾಸಬಲದಿಂದ ತಾರಸಿಗೆ ಹೋದೆ. ಊಟವಿಲ್ಲದ ದಿನ ನನ್ನ ಹೊಟ್ಟೆ ಖಾಲಿ ಎಂಬುದೂ, ಮುದ್ದೆಯಿಲ್ಲದ ದಿನ ಅವ್ವನಿಗೆ ನಿದ್ದೆ ಬಾರದು ಎಂಬುದೂ ಒಂದೇ ಕಾರಣದ ಎರಡು ಪರಿಣಾಮಗಳು. ಇಂಥ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ತಪ್ಪು ಮಾಡಿದ ಹುಡುಗರಿಗೆ ನಾನು ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಟ್ಟಿದ್ದೇನೆ.

ಮೊದಲ ಹತ್ತು ನಿಮಿಷ ವೈಭವದಿಂದ ಸಾಗಿತು. ಕಾಫಿ ಬಂತು, ಅದು ಬೆಳಗಿನದ್ದೇ ಇರಬಹುದು. ಕರಿಮೆಣಸು ನಿಸ್ಸಂಶಯವಾಗಿ ಬಂತು, ನೆಗಡಿಯಾದಾಗ ಶಾರದೆ ಮಾಡುವ ಸಾರಿನಂತೆ. ಒದ್ದೆ ಮಣ್ಣಿಗಾಗಿ ಕಾಯುತ್ತಿದ್ದಾಗ ನೀರಿನ ಟ್ಯಾಂಕು ಸ್ವಲ್ಪ ಎಡಕ್ಕೆ ಸರಿಯಿತು. ಟ್ಯಾಂಕುಗಳು ಸರಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಎದುರುಮನೆಯವರ ಡಿಶ್ ಆಂಟೆನಾ ಕೂಡ ಅದರ ಹಿಂದೆಯೇ ಹೊರಟಿತು. ಅಂಗೈ ತಣ್ಣಗಾಗಿ, ಹಣೆ ಬೆವರಿ, ಕುಳಿತಿದ್ದ ನಾನು ಒರಗಿದೆ, ಒರಗಿದವನು ಮಲಗಿದೆ. ನಿಕೋಟಿನ್ನಿನ ರಚನೆಯನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಅದರಲ್ಲಿ ಎರಡು ಉಂಗುರಗಳಿವೆ, ಎರಡೂ ಗಿರಗಿರನೆ ತಿರುಗುತ್ತಿದ್ದವು.

ಆಗ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಅವ್ವ, ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಏಳಲಾಗಲಿಲ್ಲ. ಮಲಗಿದ್ದಲ್ಲೇ ಸಿಗಾರನ್ನು ಪಂಚೆಯ ಮಡಿಕೆಗೆ ಸೇರಿಸಿದೆ. ದೊಡ್ಡಪ್ಪನ ರಕ್ತ ಸುಮ್ಮನಿರುತ್ತದೆಯೇ. ಅವ್ವ ಹತ್ತಿರ ಬಂದು, ನನ್ನ ಮುಖ ನೋಡಿ, ಹೊಗೆಯಾಡುತ್ತಿದ್ದ ಪಂಚೆ ನೋಡಿ, ಬಗ್ಗಿ ಸಿಗಾರನ್ನು ಎಳೆದುಕೊಂಡು, ಪಂಚೆಗೆ ಎರಡೇಟು ಬಡಿದು ಆರಿಸಿದಳು. ಸೆರಗಿನ ಗಂಟಿನಿಂದ ಒಂದು ಉಂಡೆ ಬೆಲ್ಲ ತೆಗೆದಳು.

"ಬಾಯ್ ತಗಿ."

"ಅವ್ವ, ಸಂಕಷ್ಟಿ..."

"ಗಣಪತಿಗೆ ನಾನ್ ಯೋಳ್ಕತೀನಿ. ನೀನ್ ಬಾಯ್ ತಗಿ."

ಬೆಲ್ಲ ಕರಗುತ್ತಿದ್ದಂತೆ ಟ್ಯಾಂಕು ತನ್ನ ಜಾಗಕ್ಕೆ ಮರಳತೊಡಗಿತು. ಅವ್ವ ಪಕ್ಕದಲ್ಲೇ ಕಾಲು ಚಾಚಿ ಕುಳಿತು, ಸಿಗಾರನ್ನು ಮೂಗಿನ ಹತ್ತಿರ ಹಿಡಿದು, ಉಗುರಿನಿಂದ ತುದಿ ಬಿಡಿಸಿ, ಒಳಗಿನ ಎಲೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. "ತುದಿ ಎಲೆ ಇದು. ಚೆನ್ನಾಗ್ ಬಿಸ್ಲು ಉಂಡೈತೆ. ಇದ್ನ ಬರೀ ಹೊಟ್ಟೇಲಿ ಯಾವನ್ಲಾ ಸೇದಾನು?" ಪಿರಿಯಾಪಟ್ಟಣದ ಕಡೆಯ ಅವಳ ತವರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಮದುವೆಯಾಗಿ ಬರುವವರೆಗೆ ಅವಳು ಎಲೆ ಮುರಿದು, ಹಗ್ಗಕ್ಕೆ ಪೋಣಿಸಿ, ಒಣಗಿಸಿದವಳು. ಎಲೆ ಮುರಿಯುವಾಗ ತಲೆ ತಿರುಗಿ ಬೀಳುವ ಆಳುಗಳಿಗೆ ಬೆಲ್ಲ ಕೊಡುವುದು ಅವಳದೇ ಕೆಲಸವಾಗಿತ್ತಂತೆ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಸಚಿತ್ರ ಪುಸ್ತಿಕೆ ಓದುವ ಭರದಲ್ಲಿ ಜ್ಞಾಪಕಕ್ಕೆ ಬಂದಿರಲಿಲ್ಲ, ಅಷ್ಟೆ.

"ಇಷ್ಟ್ ದಿನ ಸೇದ್ತಿದ್ದದ್ದು ಬುಡದೆಲೆ. ಏನೂ ಮಾಡಕಿಲ್ಲ ಅಂತ ಸುಮ್ಕಿದ್ದೆ," ಎಂದಳು ಅವ್ವ.

"ಗೊತ್ತಿತ್ತಾ ನಿಂಗೆ?"

"ನಂಗೋಗಿರಾದು ಮಂಡಿ ಕಣ್ಲಾ, ಮೂಗಲ್ಲ."

ಮೆಟ್ಟಿಲ ಬಳಿ ಕಾಣಿಸಿಕೊಂಡ ಶಾರದೆ, ಯಾರೂ ಏನೂ ಕೇಳದಿದ್ದರೂ, "ನಾನೇನೂ ಹೇಳಿಲ್ಲ ಅತ್ತೆ," ಎಂದಳು.

ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅತ್ತುಬಿಟ್ಟರೆ ಏನು ಮಾಡುವುದೆಂದೂ ಯೋಚಿಸಿದ್ದೆ. ಅವ್ವ ಎರಡನ್ನೂ ಮಾಡಲಿಲ್ಲ. "ಸೇದದಾದ್ರೆ ಉಂಡು ಸೇದು ಮಗ. ಕದ್ದು ಬ್ಯಾಡ. ಕೆಳಗೆ ಜಗಲಿ ಮ್ಯಾಲೆ ಕೂತ್ಕ, ನನ್ ಮುಂದೇನೆ. ತಲೆ ತಿರುಗುದ್ರೆ ನೋಡ್ಕಳಕ್ಕೆ ಒಬ್ರಿರಬೇಕಲ್ಲ," ಎಂದು ಕೋಲು ಊರಿಕೊಂಡು ಎದ್ದಳು.

ಮುಂದಿನ ಭಾನುವಾರ ಹೊಟ್ಟೆ ತುಂಬ ಮುದ್ದೆ, ಬಸ್ಸಾರು ಉಂಡೆ. ಅವ್ವ ಮಲಗಲಿಲ್ಲ, ನನಗಿಂತ ಮುಂಚೆಯೇ ಜಗಲಿಗೆ ಹೋಗಿ ಚಾಪೆ ಹಾಸಿ ಕುಳಿತು, ಬೆಲ್ಲವನ್ನು ಮಗ್ಗುಲಲ್ಲಿಟ್ಟುಕೊಂಡಿದ್ದಳು. ನಾನು ಸಿಗಾರಿನ ತುದಿ ಕತ್ತರಿಸಿದೆ. ಬಾಯಿಗಿಟ್ಟೆ. ಕಡ್ಡಿ ಗೀರಿದೆ. ಕಡ್ಡಿ ಉರಿದು ಬೆರಳು ಮುಟ್ಟಿತು. ಎರಡನೆಯದನ್ನು ಗೀರಿದೆ, ಅದೂ ಹಾಗೆಯೇ ಉರಿದು ಮುಗಿಯಿತು. "ಗಾಳಿ ಇಲ್ಲ ಈಗ, ಹಚ್ಚು," ಎಂದಳು ಅವ್ವ, ಸಹಾಯ ಮಾಡುವ ದನಿಯಲ್ಲಿ. ಕೈ ಮೇಲೇಳಲಿಲ್ಲ. ಸಿಗಾರನ್ನು ಜೇಬಿಗಿಟ್ಟು, ಒಳಗೆ ಹೋಗಿ ಪತ್ರಿಕೆ ತಂದು, ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಉಳಿದ ನಾಲ್ಕನ್ನು ಮರುದಿನ ಪುಟ್ಟರಾಜುವಿನ ಮೇಜಿನ ಮೇಲಿಟ್ಟೆ. ಅವನು ಅವನ್ನೂ ನನ್ನನ್ನೂ ನೋಡಿ, "ಯಾಕೋ, ಅವ್ವಂಗೆ ಗೊತ್ತಾಯ್ತಾ? ಬೈದ್ರಾ?" ಎಂದ.

"ಇಲ್ಲ. ಒಪ್ಪಿಗೆ ಕೊಟ್ಟುಬಿಟ್ರು," ಎಂದೆ.

ಅವನದು ಇನ್ನೂ ತಂದೆ ಬದುಕಿರುವ ಮನೆ. ಹೆಚ್ಚು ವಿವರಿಸಬೇಕಾಗಲಿಲ್ಲ, "ಅಯ್ಯೋ ಪಾಪ," ಎಂದು ಕಾಫಿ ತರಿಸಿದ. ಅಂದಿನಿಂದ ನಾನು ಸಿಗಾರ್ ಮುಟ್ಟಿಲ್ಲ. ಇದನ್ನು ಮನೋನಿಗ್ರಹವೆಂದು ಭಾವಿಸಿ ಸ್ಟಾಫ್ ರೂಮಿನಲ್ಲಿ ನನ್ನ ಉದಾಹರಣೆ ಕೊಡುವವರಿದ್ದಾರೆ. ನಾನು ಅವರ ಮಾತಿಗೆ ಅಡ್ಡ ಬರುವುದಿಲ್ಲ.